ಲಗಮಪ್ಪ ಹೇಳಿದ್ದು

"ಈ ಸಹಿ ನಿಮ್ಮದೇ ಅಲ್ಲವೇ?" ಎಂದು ಮಧುಮತಿ ಮೇಡಂ ವಹಿಯನ್ನು ಅವನ ಕಡೆಗೆ ತಿರುಗಿಸಿದರು.

ಲಗಮಪ್ಪ ಬಗ್ಗಿ ನೋಡಿದ. ಸಹಿ ಅವನದೇ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಕೈಬರಹ ಅದು, ಮೊದಲಿನ ಅಕ್ಷರ ದೊಡ್ಡದು, ಕಡೆಯದು ಗೆರೆ ಬಿಟ್ಟು ಕೆಳಗೆ ಜಾರಿದ್ದು. ಇನ್ನೊಬ್ಬರು ಹಾಗೆ ಬರೆಯಬೇಕೆಂದರೂ ಬರೆಯಲಾರರು.

"ಹೌದ್ರಿ. ನಂದ ಐತಿ."

"ಅದರ ಎಡಕ್ಕೆ ಏನು ಬರೆದಿದೆ, ಓದಿ."

ಅವನು ಬೆರಳಿಟ್ಟು ಒಂದೊಂದೇ ಮಾತು ಕೂಡಿಸಿಕೊಂಡು ಓದಿದ. ಜೂನ್ ಹದಿನೆಂಟು. ಮೂರನೇ ವಾರ್ಡು, ನಾಲ್ಕನೇ ವಾರ್ಡು. ನೀರು ಶುದ್ಧವಿದೆ, ಕುಡಿಯಲು ಯೋಗ್ಯವಾಗಿದೆ. ಮಾಹಿತಿ ನೀಡಿದವರು, ವಾಲ್‌ಮನ್ ಲಗಮಪ್ಪ. ಓದಿ ಮುಗಿಸಿದ ಮೇಲೂ ಅವನ ಬೆರಳು ಅಲ್ಲೇ ಇತ್ತು. ಮತ್ತೊಮ್ಮೆ ಮೊದಲಿನಿಂದ ಓದಿದ. ಎರಡನೇ ಸಲವೂ ಅದೇ ಬರೆದಿತ್ತು.

"ನಾ ಹಿಂಗ ಹೇಳಿಲ್ರಿ ಮೇಡಂ," ಎಂದ.

ಗೌಳಿಕೊಪ್ಪ ಪಟ್ಟಣ ಪಂಚಾಯತಿಯ ಸಭಾಕೋಣೆಯಲ್ಲಿ ಅಂದು ನಾಲ್ಕೇ ಜನ. ವಿಚಾರಣೆಗೆಂದು ಕಾರವಾರದಿಂದ ಬಂದ ಮಧುಮತಿ ಮೇಡಂ, ಅವರ ಪಕ್ಕದಲ್ಲಿ ಮುಖ್ಯಾಧಿಕಾರಿ ಮಹಾಬಳೇಶ್ವರ, ಮೇಜಿನ ಈಚೆ ಲಗಮಪ್ಪ, ಅವನಿಂದ ಒಂದು ಕುರ್ಚಿ ಬಿಟ್ಟು ಕಂಪ್ಯೂಟರ್ ಕೆಲಸದ ಸುವರ್ಣಾ. ಮೂರು ಮತ್ತು ನಾಲ್ಕನೇ ವಾರ್ಡಿನ ಮೂವತ್ತಾರು ಜನ ವಾಂತಿ ಭೇದಿಯಿಂದ ಮಲಗಿದ್ದರು. ಪಂಚಾಯತಿಯ ಫೇಸ್‌ಬುಕ್ ಪುಟದಲ್ಲಿ ನೀರು ಶುದ್ಧ ಎಂದು ಹಾಕಿದ ದಿನವೇ ಅವರೆಲ್ಲ ಆ ನೀರು ಕುಡಿದಿದ್ದರು. ಹಾಗೆ ಹಾಕಿಸಿದವರು ಯಾರು ಎಂಬುದೇ ಪ್ರಶ್ನೆ. ಹತ್ತೊಂಬತ್ತು ವರ್ಷ ದಿನಗೂಲಿಯ ಮೇಲೆ ನೀರು ಬಿಟ್ಟ ಲಗಮಪ್ಪನ ಹೆಸರು ಈ ವರ್ಷ ಕಾಯಂ ಮಾಡುವ ಪಟ್ಟಿಯಲ್ಲಿತ್ತು. ಅವನಿಗೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಆ ಮೂವತ್ತಾರು ಜನರಲ್ಲಿ ಮೂವತ್ತು ಜನ ಅವನ ಓಣಿಯವರು.

ಲಗಮಪ್ಪನ ಅಪ್ಪ ಸವದತ್ತಿ ಕಡೆಯಿಂದ ದಾಂಡೇಲಿಯ ಕಾಗದದ ಗಿರಣಿಯಲ್ಲಿ ಬಿದಿರು ಇಳಿಸಲು ಬಂದವನು. ಮಗ ಗಿರಣಿಗೆ ಹೋಗದೆ ಹತ್ತಿರದ ಗೌಳಿಕೊಪ್ಪದಲ್ಲಿ ನೀರಿನ ಕೆಲಸ ಹಿಡಿದ. ಊರಿಗೆಲ್ಲ ಅವನು ನೀರ ಲಗಮಪ್ಪ. ಮೊದಲೆಲ್ಲ ನೀರು ಬಿಡುವ ಮುಂಚೆ ಸೈಕಲ್ ಮೇಲೆ ಓಣಿ ಓಣಿ ತಿರುಗಿ, ವಾಲ್ ತಿರುಗಿಸುವ ಕಬ್ಬಿಣದ ಕೀಲಿಯಿಂದ ವಿದ್ಯುತ್ ಕಂಬಕ್ಕೆ ಎರಡು ಏಟು ಹಾಕಿ, "ನೀರ ಬಿಡ್ತೇನ್ರವ್ವೋ" ಎಂದು ಕೂಗುತ್ತಿದ್ದ. ಮೂರು ವರ್ಷದ ಹಿಂದೆ ಮಹಾಬಳೇಶ್ವರ ಸಾಹೇಬರು ಬಂದರು. ಬಂದವರೇ ಪಂಚಾಯತಿಗೆ ಪುಟ ಮಾಡಿಸಿದರು, ಕೂಗುವುದನ್ನು ನಿಲ್ಲಿಸಿದರು. "ಕಂಬ ಬಡಿಯೋದು ಹಳೇ ಕಾಲ ಲಗಮಪ್ಪ. ಇನ್ನು ಜನ ಮೊಬೈಲ್ ನೋಡ್ತಾರೆ," ಎಂದರು.

ಮೊಬೈಲು ನೋಡುವವರಿಗೆ ಬರೆಯಬೇಕಲ್ಲ, ಲಗಮಪ್ಪನಿಗೆ ಬೆರಳಲ್ಲಿ ಬರೆಯುವುದು ಬಾರದು. ಅದಕ್ಕೆ ಸುವರ್ಣಾ ದಾರಿ ಕಂಡುಹಿಡಿದಳು. ಬೆಳಗ್ಗೆ ಐದೂವರೆಗೆ ಅವನು ನೀರಿನ ಟಾಕಿಯ ಬುಡದಲ್ಲಿ ನಿಂತು ವಾಟ್ಸಾಪಿನಲ್ಲಿ ಮಾತಾಡುವುದು, ಅವಳು ಅದನ್ನು ಕೇಳಿ ಬರೆದು, ಸಾಹೇಬರಿಗೆ ತೋರಿಸಿ ಪುಟಕ್ಕೆ ಹಾಕುವುದು. "ಇವತ್ತ ಐದನೇ ವಾರ್ಡ. ಆರೂವರಿಗೆ ಬಿಡ್ತೇನಿ, ಎಂಟಕ್ಕ ಬಂದ್. ಕೊಡ ತೊಳಕೊಂಡ ಇಡ್ರವ್ವಾ." ಅವಳು ಆ ಕೊನೆಯ ಮಾತನ್ನೂ ಬಿಡದೆ ಹಾಗೇ ಬರೆಯುತ್ತಿದ್ದಳು. ಜನಕ್ಕೆ ಅದೇ ಹಿಡಿಸಿತು. ಸರಕಾರ ಹೀಗೂ ಮಾತಾಡುತ್ತದೆಯೇ ಎಂದು ಹಳಿಯಾಳದವರು, ಮುಂಡಗೋಡದವರು ಕೂಡ ನೋಡತೊಡಗಿದರು. ಸಾಹೇಬರ ಹೆಸರು ಜಿಲ್ಲೆಯಲ್ಲಿ ಮೇಲೆ ಬಂತು. ಲಗಮಪ್ಪನಿಗೇನೂ ಹೊಟ್ಟೆಕಿಚ್ಚು ಆಗಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ಸುಶೀಲವ್ವನಿಗೆ, "ನನ್ನ ಮಾತ ಆರು ಸಾವಿರ ಮಂದಿ ಓದ್ತಾರಂತ, ನೀ ಒಬ್ಬಾಕಿ ಕೇಳವಲ್ಲಿ," ಎಂದು ಚೇಷ್ಟೆ ಮಾಡುತ್ತಿದ್ದ.

ಸುವರ್ಣಾ ಅವನನ್ನು ಕಾಕಾ ಎನ್ನುತ್ತಿದ್ದಳು. ಅವಳ ಅಪ್ಪ ತೀರಿಕೊಂಡಾಗ ಹೊರಲು ಹೆಗಲು ಕೊಟ್ಟವರಲ್ಲಿ ಲಗಮಪ್ಪನೂ ಒಬ್ಬ. ಅವನ ಮೊಬೈಲು ತುಂಬಿ ತುಂಬಿ ನಿಲ್ಲುತ್ತದೆ ಎಂದಾಗ ಅವಳೇ ಏನೋ ಒತ್ತಿ, "ಇನ್ನ ಚಿಂತಿ ಬ್ಯಾಡ ಕಾಕಾ, ನಮ್ಮಿಬ್ಬರ ಮಾತ ಏಳು ದಿನಕ್ಕ ತಾನ ಅಳಿಸಿ ಹೋಗ್ತೈತಿ," ಎಂದಿದ್ದಳು. ಒಳ್ಳೆಯದಕ್ಕೇ ಮಾಡಿದ್ದಳು. ಆ ದಿನ ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ.

ಜೂನ್ ಹದಿನೆಂಟರ ಬೆಳಗ್ಗೆ ಟಾಕಿಯ ಹತ್ತಿರ ನೀರಿಗೆ ಔಷಧ ಬೆರೆಸುವ ಯಂತ್ರ ಸುಟ್ಟುಹೋಗಿತ್ತು. ಮೊದಲ ಮಳೆಗೆ ಕಾಳಿ ಹೊಳೆ ಕದಡಿ, ಊರ ಕೊಳೆಯನ್ನೆಲ್ಲ ಹೊತ್ತು ತಂದಿತ್ತು. ಟಾಕಿಯಲ್ಲಿ ಕೆಸರು ಕೆಳಗೆ ನಿಂತು ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತಿತ್ತು. ನೀರು ನಿಲ್ಲಿಸುವ ಅಧಿಕಾರ ವಾಲ್‌ಮನ್‌ಗೆ ಇಲ್ಲ. ಅವನು ಮೊಬೈಲು ಬಾಯಿಯ ಹತ್ತಿರ ಹಿಡಿದು ಹೇಳಿದ: "ತಂಗಿ, ಇವತ್ತಿನ ನೀರಿಗೆ ಔಷಧ ಬಿದ್ದಿಲ್ಲ. ಮಿಶಿನ್ ಸುಟ್ಟೈತಿ. ಬಳಸಾಕ ಅಷ್ಟ ಹಿಡಕೋರಿ, ಕುಡಿಯಾಕ ಬ್ಯಾಡ. ಕುಡೀಬೇಕಂದ್ರ ಕುದಿಸಿ ಕುಡೀರಿ. ಸಣ್ಣ ಕೂಸಗೋಳಿಗೆ ಮೊದಲ ಕೊಡಬ್ಯಾಡ್ರಿ. ಇದನ್ನ ದಪ್ಪ ಅಕ್ಷರದಾಗ ಬರಿಯವ್ವಾ." ಆಮೇಲೆ ಸುಶೀಲವ್ವನಿಗೂ ಫೋನು ಮಾಡಿ ಕಾಸಿ ಕುಡಿಯಲು ಹೇಳಿದ. ಅವಳು ಕಾಸಿದಳು. ಪಕ್ಕದ ಮನೆಯ ತಾಯವ್ವನಿಗೆ ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ತಾಯವ್ವನ ಕೈಯಲ್ಲಿ ಮೊಬೈಲು ಇದೆ, ಎಲ್ಲರಿಗೂ ಬಂದಿರುತ್ತದೆ ಎಂದುಕೊಂಡಳು. ಕಂಬ ಬಡಿಯುವ ಕಾಲವಾಗಿದ್ದರೆ ಲಗಮಪ್ಪ ಓಣಿಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿರುತ್ತಿದ್ದ. ಈಗ ಮೊಬೈಲಿಗೆ ಹೇಳಿದೆನಲ್ಲ ಎಂದು ನೆಮ್ಮದಿಯಿಂದ ವಾಲ್ ತಿರುಗಿಸಿದ.

ಮೂರನೇ ದಿನ ತಾಯವ್ವನ ಮೊಮ್ಮಗಳನ್ನು ದಾಂಡೇಲಿಯ ದವಾಖಾನೆಗೆ ಎತ್ತಿಕೊಂಡು ಓಡಿದರು. ಮಗುವಿನ ಕಣ್ಣು ಒಳಗೆ ಹೋಗಿತ್ತು. ನೋಡಲು ಹೋದ ಸುಶೀಲವ್ವ, ಸಮಾಧಾನ ಹೇಳುವ ಭರದಲ್ಲಿ, "ನಾವು ಕಾಸಿ ಕುಡದ್ವಿ, ಅದಕ್ಕ ಉಳಕೊಂಡ್ವಿ ನೋಡವ್ವಾ," ಎಂದುಬಿಟ್ಟಳು. ತಾಯವ್ವ ಸಲಾಯಿನ್ ಬಾಟಲಿ ನೋಡುತ್ತ ಕುಳಿತಳು.

ಊರೆಲ್ಲ ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಪುಟಕ್ಕೆ ಹಾಕುವ ಪ್ರತಿಯೊಂದು ಸುದ್ದಿಯನ್ನು ಕೊಟ್ಟವರು ಯಾರು, ಒಪ್ಪಿದವರು ಯಾರು ಎಂದು ವಹಿಯಲ್ಲಿ ಬರೆದಿಡಬೇಕೆಂಬ ಸುತ್ತೋಲೆ ಎರಡು ವರ್ಷದ ಹಿಂದೆಯೇ ಬಂದು ಫೈಲಿನಲ್ಲಿ ಮಲಗಿತ್ತು. ವಹಿ ಇರಲೇ ಇಲ್ಲ. ವಿಚಾರಣೆ ಬರುತ್ತದೆ ಎಂದು ತಿಳಿದ ಮೇಲೆ ವಹಿ ಬಂತು. ಇಪ್ಪತ್ತಾರನೇ ತಾರೀಖು ಮಧ್ಯಾಹ್ನ ಸುವರ್ಣಾ ಅದನ್ನು ಎದೆಗವಚಿಕೊಂಡು ಟಾಕಿಯ ಹತ್ತಿರ ಬಂದಳು.

"ಕಾಕಾ, ಮೂರ ತಿಂಗಳಿಂದ ನಿಮ್ಮ ಸಹಿ ಬಾಕಿ ಉಳದಾವ. ಇಲ್ಲೆ ಹಾಕ್ಕೋಂತ ಹೋಗ್ರಿ."

ಲಗಮಪ್ಪನ ಕೈಗೆ ಗ್ರೀಸ್ ಮೆತ್ತಿತ್ತು. ಚೊಣ್ಣಕ್ಕೆ ಒರೆಸಿಕೊಂಡು ಪೆನ್ನು ಹಿಡಿದ. "ಏನವ್ವಾ, ನನ್ನ ಹೊಲ ಮನಿ ಬರಕೊಳ್ಳಾಕತ್ತೀಯೇನ?" ಎಂದ. ಸುವರ್ಣಾ ನಗಲಿಲ್ಲ. ಬೆರಳಿಟ್ಟು ತೋರಿಸಿದಲ್ಲೆಲ್ಲ ಅವನು ಸಹಿ ಹಾಕಿದ. ತೊಂಬತ್ತು ಸಾಲಿರಬೇಕು. ಓದಬಹುದಿತ್ತು. ಆದರೆ ಮೂರು ವರ್ಷ ಅವಳು ಅವನ ಮಾತಿನ ಒಂದಕ್ಷರವನ್ನೂ ಆಚೀಚೆ ಮಾಡಿರಲಿಲ್ಲ. ತಾನೇ ಹೇಳಿದ್ದನ್ನು ಮತ್ತೆ ಓದುವುದೇನು ಎಂದು ಅವನು ತಿಳಿದ. ನಂಬಿಕೆ ಇಟ್ಟವನು ಓದುವುದಿಲ್ಲ. ಇದು ಮಧುಮತಿ ಮೇಡಂ ಅವರ ವರದಿಯಲ್ಲಿ ಬರೆಯುವ ಮಾತಲ್ಲ.

"ನೀವು ಹೀಗೆ ಹೇಳಿಲ್ಲ ಅಂದರೆ, ಹೇಳಿದ್ದೇನು?" ಮೇಡಂ ಕೇಳಿದರು.

"ಔಷಧ ಬಿದ್ದಿಲ್ಲ, ಕುಡೀಬ್ಯಾಡ್ರಿ ಅಂತ ಹೇಳೀನ್ರಿ. ನನ್ನ ದನಿನ ಐತ್ರಿ ಫೋನಿನ್ಯಾಗ." ಅವನು ಕಿಸೆಯಿಂದ ಮೊಬೈಲು ತೆಗೆದು ಪಕ್ಕಕ್ಕೆ ಚಾಚಿದ. "ತಂಗಿ, ಹುಡುಕಿ ಕೊಡವ್ವಾ. ನನಗ ಲಗೂನ ಸಿಗೂದಿಲ್ಲ."

ಸುವರ್ಣಾ ಮೊಬೈಲು ತೆಗೆದುಕೊಂಡಳು. ಅವಳ ಹೆಬ್ಬೆರಳು ಮೇಲೆ ಕೆಳಗೆ ಸರಿಯಿತು. ಅಂದು ಜೂನ್ ಮೂವತ್ತು. ಇಪ್ಪತ್ಮೂರಕ್ಕಿಂತ ಹಿಂದೆ ಏನೂ ಇರಲಿಲ್ಲ.

"ಏಳು ದಿನಕ್ಕ ಅಳಿಸಿ ಹೋಗ್ತಾವ ಮೇಡಂ. ಸೆಟ್ಟಿಂಗ್ ಹಂಗೈತಿ. ನನ್ನ ಫೋನಿನ್ಯಾಗೂ ಇಲ್ಲ."

"ಹೋಗಲಿ, ಕೇಳಿದವರು ನೀವೇ ಅಲ್ಲವಾ. ಅವತ್ತಿನ ಧ್ವನಿ ಸಂದೇಶದಲ್ಲಿ ಇವರು ಹೇಳಿದ್ದೇನು?"

ಲಗಮಪ್ಪ ಹಗುರಾಗಿ ಕುರ್ಚಿಗೆ ಒರಗಿದ. ಧ್ವನಿ ಹೋದರೆ ಹೋಯಿತು, ಕೇಳಿದವಳು ಇದ್ದಾಳಲ್ಲ. ಅವಳು ಬಾಯಿ ತೆರೆಯುವವರೆಗೂ ಅವನ ಮನಸ್ಸಿಗೆ ಇನ್ನೊಂದು ವಿಚಾರ ಸುಳಿಯಲಿಲ್ಲ.

"ಇವರು ನೀರ ಬಿಡೂ ಟೈಮ್ ಹೇಳಿದ್ರು ಮೇಡಂ," ಎಂದಳು ಸುವರ್ಣಾ, ಮೇಜಿನ ಗಾಜನ್ನು ನೋಡುತ್ತ. "ನೀರ ಚೊಲೋ ಐತಿ ಅಂದ್ರು. ಔಷಧದ ಸುದ್ದಿ ಏನೂ ಹೇಳಿಲ್ರಿ."

ಲಗಮಪ್ಪ ಅವಳ ಕಡೆಗೆ ತಿರುಗಿದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಪ್ಪು ಕೇಳಿಸಿಕೊಂಡೆನೇನೋ ಎಂಬಂತೆ, "ತಂಗಿ?" ಎಂದಷ್ಟೇ ಅಂದ. ಅವಳು ತಲೆ ಎತ್ತಲಿಲ್ಲ. ಮಹಾಬಳೇಶ್ವರ ಸಾಹೇಬರು ದೊಡ್ಡ ನಿಟ್ಟುಸಿರು ಬಿಟ್ಟು, "ಹತ್ತೊಂಬತ್ತು ವರ್ಷದ ಕೆಲಸಗಾರ ಮೇಡಂ. ವಯಸ್ಸಾಯ್ತು, ಮರೆತಿರಬಹುದು. ಸ್ವಲ್ಪ ಕನಿಕರ ತೋರಿಸಿ," ಎಂದರು. ಕೊರಳು ಕೊಯ್ಯುವವನೇ ಉಗುರು ನೋಯಬಾರದೆಂದು ಬೇಡಿಕೊಂಡ ಹಾಗಿತ್ತು ಅವರ ಕನಿಕರ.

ದಿನಗೂಲಿಯವನನ್ನು ತೆಗೆಯಲು ದೊಡ್ಡ ಕಾಗದವೇನೂ ಬೇಕಿಲ್ಲ. ಮರುವಾರ ಪುಟದಲ್ಲಿ ಎರಡು ಸಾಲು ಬಂತು. ತಪ್ಪು ಮಾಹಿತಿ ನೀಡಿದ ವಾಲ್‌ಮನ್ ಲಗಮಪ್ಪನನ್ನು ಕೆಲಸದಿಂದ ತೆಗೆಯಲಾಗಿದೆ, ಸಾರ್ವಜನಿಕರು ಸಹಕರಿಸಬೇಕು. ಅದರ ಕೆಳಗೆ ಜನ ಬರೆದದ್ದನ್ನು ತಾಯವ್ವ ಲಗಮಪ್ಪನ ಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಗೊತ್ತಿದ್ದ ನಿಮ್ಮನ್ಯಾಗ ಕಾಸಿ ಕುಡದ್ರಿ ಹೌದಲ್ಲ ಸುಶೀಲಾ? ನನ್ನ ಕೂಸಿಗೆ ಒಂದ ಮಾತ ಹೇಳಾಕ ನಿಮ್ಮ ಬಾಯಿ ಬಿದ್ದಿತ್ತೇನ?"

"ಅವರು ಹೇಳಿದ್ರ ಯವ್ವಾ, ಫೋನಿನ್ಯಾಗ ಹೇಳಿದ್ರ. ದೇವರಾಣಿ."

"ಫೋನಿನ್ಯಾಗ ಏನ ಬಂದಿತ್ತಂತ ನಾ ಓದೇನಿ."

ಅಂದಿನಿಂದ ಸುಶೀಲವ್ವ ನಳಕ್ಕೆ ಹೋಗುವುದನ್ನು ಬಿಟ್ಟಳು. ಊರಿಗೆಲ್ಲ ನೀರು ಬಿಟ್ಟವನು ಈಗ ತನ್ನ ಮನೆಯ ಕೊಡ ಹಿಡಿದು ಓಣಿಯ ನಳದ ಮುಂದೆ ಸರದಿಯಲ್ಲಿ ನಿಲ್ಲತೊಡಗಿದ. ಹೆಂಗಸರು ಬೈಯಲಿಲ್ಲ. ಬೈದಿದ್ದರೆ ಅವನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದ. ಅವರು ಅವನ ಕೊಡಕ್ಕೆ ತಮ್ಮ ಕೊಡ ತಾಗದಂತೆ ಸ್ವಲ್ಪ ಸರಿಸಿ ಇಡುತ್ತಿದ್ದರು.

ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಸುವರ್ಣಾ ಬಂದಳು. ಸ್ಕೂಟಿಯನ್ನು ಓಣಿಯ ತುದಿಯಲ್ಲೇ ನಿಲ್ಲಿಸಿ, ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ನಡೆದು ಬಂದಿದ್ದಳು. ಸುಶೀಲವ್ವ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದಿಟ್ಟು ಒಳಗೆ ಹೋದಳು. ಮನೆಗೆ ಬಂದವರಿಗೆ ನೀರು ಕೊಡದೆ ಇರುವುದು ಅವಳಿಗೆ ಗೊತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ.

"ಬೈಯ್ರಿ ಕಾಕಾ," ಎಂದಳು ಸುವರ್ಣಾ. "ಬೈಯ್ರಿ, ಹೊಡೀರಿ. ಸುಮ್ಮನ ಕುಂಡ್ರಬ್ಯಾಡ್ರಿ."

"ಯಾಕ ಹಂಗ ಮಾಡಿದಿ ಅಷ್ಟ ಹೇಳು."

ಅವಳು ಹೇಳಿದಳು. ಅಂದು ಬೆಳಗ್ಗೆ ಸಾಹೇಬರು ಕಾರವಾರದಲ್ಲಿದ್ದರು. ಜಿಲ್ಲೆಯ ದೊಡ್ಡ ಸಭೆ. ಜನಸ್ನೇಹಿ ಪುಟ ಎಂದು ಗೌಳಿಕೊಪ್ಪದ ಪುಟವನ್ನು ಗೋಡೆಯ ಮೇಲೆ ಎಲ್ಲರಿಗೂ ತೋರಿಸುವವರಿದ್ದರು. ಅದರ ತಲೆಯ ಮೇಲೆಯೇ ನೀರು ಕುಡಿಯಬೇಡಿ ಎಂದು ಕಂಡರೆ ಮಾನ ಹೋಗುತ್ತದೆ ಎಂದು ಅವರು ಫೋನಿನಲ್ಲಿ ಹೇಳಿದರು. "ಮಧ್ಯಾಹ್ನದ ತನಕ ಶುದ್ಧ ಅಂತ ಇರಲಿ, ಆಮೇಲೆ ಬದಲಿಸೋಣ" ಎಂದರು. ಬಾಯಿಮಾತು, ಬರಹವಿಲ್ಲ. ಮಧ್ಯಾಹ್ನ ಸಾಹೇಬರಿಗೆ ಹಾರ ಹಾಕಿದ ಫೋಟೋ ಬಂತು, ಅದನ್ನು ಹಾಕುವ ಗದ್ದಲದಲ್ಲಿ ನೀರಿನ ಮಾತು ಮರೆತೇ ಹೋಯಿತು. ವಿಚಾರಣೆ ಎಂದಾದ ಮೇಲೆ ಸಾಹೇಬರು ಅವಳ ಮುಂದೆ ಎರಡು ದಾರಿ ಇಟ್ಟರು. ಪುಟ ಅವಳ ನಂಬರಿನಿಂದ ತೆರೆದದ್ದು, ಹಾಕಿದ ಬೆರಳು ಅವಳದು, ಪೊಲೀಸರು ಬಂದರೆ ಮೊದಲು ಅವಳ ಮನೆಗೇ ಬರುತ್ತಾರೆ. ಇಲ್ಲವಾದರೆ ವಹಿಯಲ್ಲಿ ಲಗಮಪ್ಪನ ಹೆಸರಿಗೆ ಬರೆಯಬೇಕು.

"ನಿಮಗ ಬರೀ ನೋಟೀಸ್ ಕೊಟ್ಟ ಬಿಡ್ತೇವಿ ಅಂದಿದ್ರ ಕಾಕಾ. ಕೆಲಸದಿಂದ ತಗೀತಾರಂತ ನನಗ ಗೊತ್ತಿರಲಿಲ್ಲ. ನನ್ನ ಅವ್ವನ ಆಣಿ."

ಅವಳು ಹೆದರಿದ್ದು ಲಗಮಪ್ಪನಿಗೆ ತಿಳಿಯಿತು. ತಿಳಿದರೂ ಎದೆಯೊಳಗಿನ ಉರಿ ಆರಲಿಲ್ಲ. ಸಾಹೇಬರು ಪರಸ್ಥಳದವರು, ಇಂದು ಇಲ್ಲಿ ನಾಳೆ ಶಿರಸಿ, ಅವರದೇನು. ಇವಳು ಅವನ ಮಾತನ್ನು ಮೂರು ವರ್ಷ ಕಿವಿಗಿಟ್ಟು ಕೇಳಿದವಳು.

"ನಾ ಹೇಳಿದ್ದ ನೀ ಕೇಳಿದ್ದಿ ಹೌದಲ್ಲ? ಸಣ್ಣ ಕೂಸಿಗೆ ಕೊಡಬ್ಯಾಡ್ರಿ ಅಂದಿದ್ದ?"

"ಕೇಳೇನಿ ಕಾಕಾ. ಎರಡ ಸಲ ಕೇಳೇನಿ."

"ಹಂಗಾದ್ರ ನಡಿ." ಅವನು ಎದ್ದು ನಿಂತ, ಮೂಲೆಯ ಕೊಡ ಎತ್ತಿಕೊಂಡ. "ಕೆಲಸ ಹೋದ್ರ ಹೋಗ್ಲಿ, ನಾ ಕೇಳೂದಿಲ್ಲ. ಮೇಡಂ ಮುಂದ ಹೇಳಬ್ಯಾಡ, ಕಾಗದದ ಮ್ಯಾಲ ಬರೀಬ್ಯಾಡ. ನಳದ ಮುಂದ ತಾಯವ್ವ ನಿಂತಾಳ, ಓಣಿ ಹೆಂಗಸೂರು ನಿಂತಾರ. ಅವರ ಮುಂದ ಈಗ ಅಂದ ಮಾತ ಒಂದ ಸಲ ಅನ್ನು. ಲಗಮಪ್ಪ ಹೇಳಿದ್ದ ಅನ್ನು, ಸಾಕು."

ಅವಳು ಎದ್ದಳು. ಅವನ ಹಿಂದೆ ಓಣಿಯಲ್ಲಿ ನಡೆದಳು. ನಳದ ಮುಂದೆ ಹತ್ತು ಹನ್ನೆರಡು ಹೆಂಗಸರಿದ್ದರು. ನಾಲ್ಕಕ್ಕೆ ಬರಬೇಕಿದ್ದ ನೀರು ನಾಲ್ಕೂವರೆಯಾದರೂ ಬಂದಿರಲಿಲ್ಲ. ಹೊಸ ವಾಲ್‌ಮನ್ ವೀರೇಶನಿಗೆ ಯಾವ ವಾಲ್ ಎಷ್ಟು ಸುತ್ತು ಎಂಬುದು ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ. ಲಗಮಪ್ಪ ಪಕ್ಕಕ್ಕೆ ನಿಂತ. ಸುವರ್ಣಾ ಮುಖದ ದುಪಟ್ಟಾ ಸರಿಸಿದಳು. ತುಟಿ ಒಮ್ಮೆ ಅಲುಗಿತು.

ತಾಯವ್ವ ಅವಳನ್ನು ಗುರುತಿಸಿದಳು. "ಪಂಚಾಯ್ತಿಯಾಕಿ ಅಲ್ಲೇನವ್ವಾ ನೀ? ಚೊಲೋ ಆತ ಬಂದಿ. ನೀರ ಎಷ್ಟಕ್ಕ ಬಿಡ್ತೀರಿ ಇವತ್ತ?"

ಹೆಂಗಸರೆಲ್ಲ ಅವಳ ಕಡೆ ತಿರುಗಿದರು. ಒಬ್ಬಳ ಸೊಂಟದ ಮೇಲೆ ತಾಯವ್ವನ ಮೊಮ್ಮಗಳಿದ್ದಳು, ಕೈಯ ಮೇಲೆ ಸೂಜಿ ಚುಚ್ಚಿದ ಕಲೆ ಇನ್ನೂ ಮಾಸಿರಲಿಲ್ಲ. ಸುವರ್ಣಾ ಆ ಕೈ ನೋಡಿದಳು, ಲಗಮಪ್ಪನನ್ನು ನೋಡಿದಳು.

"ಪೇಜಿನ್ಯಾಗ ಹಾಕ್ತೇವ್ರಿ," ಎಂದಳು. ದುಪಟ್ಟಾವನ್ನು ಮತ್ತೆ ಮುಖಕ್ಕೆ ಸುತ್ತಿಕೊಂಡು ಓಣಿಯ ತುದಿಗೆ ಬೇಗ ಬೇಗ ನಡೆದಳು. ಸ್ಕೂಟಿ ಒಂದೇ ಸಲಕ್ಕೆ ಚಾಲು ಆಗಲಿಲ್ಲ. ಅವಳು ಮತ್ತೆ ಮತ್ತೆ ಒತ್ತುವುದು ನಳದವರೆಗೆ ಕೇಳುತ್ತಿತ್ತು. ಆಮೇಲೆ ಗಾಡಿ ಚಾಲು ಆಗಿ, ಸದ್ದು ಹಳಿಯಾಳ ರಸ್ತೆಯ ಕಡೆ ದೂರವಾಯಿತು.

ಲಗಮಪ್ಪ ತನ್ನ ಕೊಡವನ್ನು ಎಲ್ಲಕ್ಕಿಂತ ಹಿಂದೆ ಇಟ್ಟ. ನಳದ ಬಾಯಿಯಿಂದ ಗಾಳಿ ಸಣ್ಣಗೆ ಹೊರಡತೊಡಗಿತ್ತು. ಆ ಸದ್ದು ಬಂದರೆ ನೀರು ಹತ್ತು ನಿಮಿಷದ ದೂರದಲ್ಲಿದೆ ಎಂದು ಅವನಿಗೆ ಗೊತ್ತು.

"ಲಗಮಪ್ಪಾ, ನೀರ ಇನ್ನ ಎಷ್ಟ—" ಎಂದಳು ತಾಯವ್ವ. ಹತ್ತೊಂಬತ್ತು ವರ್ಷದ ರೂಢಿ, ಬಾಯಿಗೆ ತಾನಾಗಿ ಬಂದಿತ್ತು. ಅಷ್ಟಕ್ಕೇ ತಡೆದಳು. ಅವನ ಕಡೆ ಅರ್ಧ ತಿರುಗಿದ್ದ ಮುಖವನ್ನು ಹಿಂದಕ್ಕೆ ತಿರುಗಿಸಿಕೊಂಡು, ಸೊಂಟದಿಂದ ಮೊಬೈಲು ತೆಗೆದು, ಪುಟದಲ್ಲಿ ಏನಾದರೂ ಬಂದಿದೆಯೇ ಎಂದು ಬೆರಳಿನಿಂದ ಮೇಲಕ್ಕೆ ಸರಿಸುತ್ತ ನಿಂತಳು.